ತೊಳೆಯದ ಸ್ಪಂಜು

ನಲ್ಲಿಯ ಕೆಳಗೆ ಸ್ಪಂಜನ್ನು ಹಿಂಡಿ ಹಿಂಡಿ ಬೆಳ್ಳಗೆ ಮಾಡಿದ್ದ ಪ್ಲಂಬರ್, ಹೆಂಡತಿಯ ಮುಖ ನೋಡಿ ಕೈ ನಿಲ್ಲಿಸಿದ. ಅವಳ ಮೀನಿನ ತೊಟ್ಟಿಗೆ ಬಕೆಟ್ಟು, ಪೈಪು, ಸಣ್ಣ ಮೋಟರು ಜೋಡಿಸಿ ಹೊಸ ಫಿಲ್ಟರ್ ಮಾಡಿದ್ದ. ಒಂದು ಹನಿಯೂ ಸೋರುತ್ತಿರಲಿಲ್ಲ. ಹಳೆಯ ಫಿಲ್ಟರಿನ ಸ್ಪಂಜನ್ನು ಅದರೊಳಗೆ ಇಡುವುದಷ್ಟೇ ಬಾಕಿಯಿತ್ತು.

"ತೊಳೆದುಬಿಟ್ರಾ? ಆ ಕಂದು ಲೋಳೇಲಿ ಜೀವಾಣು ಇರುತ್ತೆ ರೀ. ಮೀನಿನ ಹೊಲಸನ್ನ ತಿನ್ನೋದೇ ಅದು. ನಲ್ಲಿ ನೀರಿನ ಕ್ಲೋರಿನ್‌ಗೆ ಎಲ್ಲಾ ಸತ್ತಿರುತ್ತೆ. ಇನ್ನು ನಾಲ್ಕು ದಿನದಲ್ಲಿ ಮೀನೂ ಸಾಯ್ತವೆ."

"ಕೊಳಕು ತೊಳೆದಿದ್ದೂ ತಪ್ಪಾ? ಮೊದಲೇ ಬಾಯಿ ಬಿಡೋಕೇನಾಗಿತ್ತು?" ಎಂದು ರೇಗಿದ. ಅವಳು ತಿರುಗಿ ಬೈಯಲಿಲ್ಲ. ಗಿಡಗಳ ಸಂದಿಯಲ್ಲಿ ಓಡಾಡುತ್ತಿದ್ದ ಹನ್ನೊಂದು ಮೀನುಗಳನ್ನು ನೋಡುತ್ತಾ, "ಜೀವಾಣು ಇರೋ ಹಳೇ ಸ್ಪಂಜು ಒಂದಿಟ್ರೆ ಉಳೀತವೆ. ಅದಿರೋದು ನನ್ನ ತಮ್ಮನ ಹತ್ರ ಮಾತ್ರ," ಎಂದಳು.

ಎರಡು ವರ್ಷದ ಹಿಂದೆ ಬಾಮೈದನ ಮನೆಯಲ್ಲಿ, ನೆಂಟರೆಲ್ಲರ ಎದುರು, "ಇದೇನು ಮೀನಿನ ತೊಟ್ಟಿಯೋ ಚರಂಡಿಯೋ" ಎಂದವನು ಇವನೇ. ಅಂದಿನಿಂದ ಎರಡು ಮನೆಗೂ ಮಾತಿಲ್ಲ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಬಾಮೈದನಿಗೆ ಫೋನ್ ಮಾಡಿದ.

"ಹೇಳಿ ಭಾವ."

"ನಿನ್ನ ತೊಟ್ಟಿಯ ಸ್ಪಂಜು ಒಂದು ಬೇಕಿತ್ತು."

"ಚರಂಡಿ ಸ್ಪಂಜು ಭಾವ. ನಿಮ್ಮನೆಗೆ ಆಗುತ್ತಾ?"

ಪ್ಲಂಬರ್ ಕೈಯಲ್ಲಿದ್ದ ಬೆಳ್ಳನೆಯ ಸ್ಪಂಜನ್ನು ನೋಡಿದ. "ಆಗುತ್ತೆ. ತೊಳೀಬೇಡ, ಹಾಗೇ ತಗೊಂಡು ಬಾ. ಊಟಕ್ಕೆ ಇಲ್ಲೇ ಇರು."