ಸೋಮವಾರದ ಗುಳಿಗೆ

ವಿಭೂತಿಯ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಮೊದಲು ಗುಳಿಗೆ ಹುಡುಕುತ್ತದೆ.

ಅಂದು ಶ್ರಾವಣದ ಎರಡನೆಯ ಸೋಮವಾರ. ನಾನು ಆಗ ನಾಲ್ಕನೆಯ ಇಯತ್ತೆ ಓದುತ್ತಿದ್ದೆ. ಆ ಬೇಸಿಗೆಯಲ್ಲಿ ಎತ್ತು ಪಕ್ಕೆಗೆ ಒದ್ದು ಅಪ್ಪನ ಒಂದು ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು. ನೋವು ಹೋದರೂ ಆ ಪೆಟ್ಟಿನಿಂದಲೇ ರಕ್ತದೊತ್ತಡ ಏರಿದೆ, ಗುಳಿಗೆ ಒಂದು ದಿನವೂ ತಪ್ಪಬಾರದು ಎಂದು ಘಟಪ್ರಭಾದ ಡಾಕ್ಟರು ಹೇಳಿದ್ದರು. ಮಗ ಉಳಿದದ್ದಕ್ಕೆ ಅಪ್ಪನ ತಾಯಿ, ನನ್ನ ಆಯಿ, ಹರಕೆ ಹೊತ್ತಿದ್ದಳು: ಶ್ರಾವಣದ ಸೋಮವಾರ ದೀಪ ಹಚ್ಚುವ ಹೊತ್ತಿನವರೆಗೆ ಅವನು ಏನನ್ನೂ ಬಾಯಿಗೆ ಹಾಕಬಾರದು.

ಮಧ್ಯಾಹ್ನ ಅಪ್ಪ ತಲೆ ಹಿಡಿದುಕೊಂಡು ಪಡಸಾಲೆಗೂ ಅಂಗಳಕ್ಕೂ ತಿರುಗುತ್ತಿದ್ದ. ಕೂತರೆ ಮತ್ತೆ ಏಳುತ್ತಿದ್ದ. ನಾನೂ ಅವನ ಹಿಂದೆಯೇ ತಿರುಗಿದೆ.

"ಗುಳಿಗಿ ತಗೊಂಡ್ರೇನ್ರಿ?" ಅವ್ವ ಕೇಳಿದಳು.

"ಇವತ್ತ ಉಪಾಸ ಐತಿ. ಸಂಜೀಕ ತಗೋತೇನಿ."

"ಹ್ವಾದ ಸೋಮಾರನೂ ಬಿಟ್ರೇನು?"

ಅಪ್ಪ ಹೌದೆಂದು ತಲೆಯಾಡಿಸಿದ. ಅವ್ವ ಆಯಿಯ ಕಡೆ ತಿರುಗಿದಳು. "ಅತ್ತಿ, ನಿಮ್ಮ ದೇವರು ಉಳಿಸಿದವರನ್ನ ನಿಮ್ಮ ಉಪಾಸ ಒಯ್ತೈತಿ ನೋಡ್ರಿ."

"ಬಾಯಿ ಬಿಗಿ ಹಿಡಿ," ಎಂದಳು ಆಯಿ.

ಅಷ್ಟರಲ್ಲಿ ಅಪ್ಪ, "ಕಣ್ಣ ಮುಂದ ಮಂಜ ಮಂಜ ಆಗೇತಿ," ಎಂದು ಕಂಬ ಹಿಡಿದ.

ಆಯಿ ದೇವರ ಜಗಲಿಗೆ ಓಡಿದಳು. ಗುಳಿಗೆಯನ್ನು ಲಿಂಗದ ಮುಂದಿಟ್ಟು, ವಿಭೂತಿ ಹತ್ತಿದ ಬೆರಳಿನಿಂದಲೇ ಎತ್ತಿ ಅಪ್ಪನ ಬಾಯಿಗೆ ಹಾಕಿ, ತೀರ್ಥ ಕುಡಿಸಿದಳು.

"ನುಂಗೋ ಮಗನ. ಪ್ರಸಾದಕ್ಕ ಉಪಾಸ ಮುರಿಯಂಗಿಲ್ಲ."

ಕೂಡಲೇ ಜೀಪು ತರಿಸಿ ಅವನನ್ನು ಘಟಪ್ರಭಾಕ್ಕೆ ಒಯ್ದರು. ಅಪ್ಪ ಮರಳಿ ಬಂದದ್ದು ಗುರುವಾರ ಬೆಳಿಗ್ಗೆ. ಅಂದು ಯಾರ ಉಪವಾಸವೂ ಇರಲಿಲ್ಲ. ಆದರೂ ಅವನ ಗುಳಿಗೆ ಲಿಂಗದ ಮುಂದೆ ಕಾಯುತ್ತಿತ್ತು.