ಅಡುಗೆ ಭಟ್ಟರ ಹೊಟ್ಟೆ

ನಲವತ್ತು ವರ್ಷ ಮದುವೆಮನೆಗಳಲ್ಲಿ ಕೊಪ್ಪರಿಗೆ ಎತ್ತಿ ಇಳಿಸಿ ಅಡುಗೆ ಭಟ್ಟರ ಸೊಂಟ ಹಿಡಿದುಕೊಂಡಿತ್ತು.

"ಸೊಂಟದ ತಪ್ಪೇನಿಲ್ಲ ಭಟ್ರೇ, ಈ ಹೊಟ್ಟೆ ಹೊತ್ತು ಹೊತ್ತು ಅದಕ್ಕೆ ಸುಸ್ತಾಗಿದೆ. ದಿನಾ ಪ್ಲ್ಯಾಂಕ್ ಮಾಡಿ," ಎಂದರು ಪಕ್ಕದ ಮನೆಯ ಡಾಕ್ಟರು, ತಮ್ಮ ಡೊಳ್ಳುಹೊಟ್ಟೆ ನೀವಿಕೊಳ್ಳುತ್ತ.

ಭಟ್ಟರು ಹಠ ಹಿಡಿದರು. ಅಡುಗೆಮನೆಯ ನೆಲಕ್ಕೆ ಮೊಣಕೈ ಊರಿ, ಮೈಯನ್ನು ಹಲಗೆಯಂತೆ ಚಾಚಿ, ಸಾರಿಗೆ ಕುದಿ ಬರುವವರೆಗೂ ಅಲುಗದೆ ಇರುತ್ತಿದ್ದರು. ಎಂಟು ತಿಂಗಳಲ್ಲಿ ಹೊಟ್ಟೆ ಚಪ್ಪಟೆಯಾಯಿತು, ನೋವು ಹೇಳಹೆಸರಿಲ್ಲದಂತೆ ಹೋಯಿತು.

ಒಂದು ಭಾನುವಾರ ಡಾಕ್ಟರು ಭಟ್ಟರ ಸೊಂಟ ನೋಡಲು ಬಂದವರು ಹಜಾರದಲ್ಲಿ ಕೂತು ಎರಡನೇ ತಟ್ಟೆ ಕೇಸರಿಬಾತ್ ತಿನ್ನುತ್ತಿದ್ದರು. ಬಾಗಿಲು ಬಡಿದ ಸದ್ದಾಯಿತು. ಭಟ್ಟರು ಹೋಗಿ ತೆಗೆದರು. ಪರವೂರಿನ ದಂಪತಿ, ಮಗಳ ಮದುವೆಗೆ ಅಡುಗೆ ಹೇಳಲು ವೀಳ್ಯದ ತಟ್ಟೆ ಹಿಡಿದು ನಿಂತಿದ್ದರು.

"ಅಡುಗೆ ಭಟ್ರು ಇದಾರಾ?"

"ನಾನೇ, ಬನ್ನಿ."

ಗಂಡ ಭಟ್ಟರ ಚಪ್ಪಟೆ ಹೊಟ್ಟೆಯನ್ನೇ ದಿಟ್ಟಿಸಿದರು.

"ತಮಾಷೆ ಮಾಡ್ಬೇಡಿ. ಅವರ ಹೆಸರು ಕೇಳಿ ಅಷ್ಟು ದೂರದಿಂದ ಬಂದಿದೀವಿ."

"ಅಯ್ಯೋ, ನಾನೇ ಕಣ್ರೀ!"

ಹೆಂಡತಿ ಗಂಡನ ತೋಳು ತಿವಿದು ಕಣ್ಣಲ್ಲೇ ಒಳಗೆ ತೋರಿಸಿದರು. ಇಬ್ಬರೂ ಭಟ್ಟರನ್ನು ದಾಟಿ ಹೋಗಿ, ಬಾಯ್ತುಂಬ ಕೇಸರಿಬಾತ್ ತುಂಬಿಕೊಂಡಿದ್ದ ಡಾಕ್ಟರ ಮುಂದೆ ವೀಳ್ಯದ ತಟ್ಟೆ ಇಟ್ಟು ಕೈಮುಗಿದರು.

"ಮದುವೆಗೆ ನಿಮ್ಮ ಕೈಯಡುಗೇನೇ ಆಗ್ಬೇಕು, ಭಟ್ರೇ."