ಹಾಲು ಉಕ್ಕಿದ ದಿಕ್ಕು

ಹಾಲು ಉಕ್ಕಿತು, ಆದರೆ ಪಶ್ಚಿಮಕ್ಕೆ ಉಕ್ಕಿತು. ಗಾಡಿಯನ್ನೇ ಮನೆ ಮಾಡಿದ್ದ ಮೋಟಾರು ಮನೆಯೊಳಗೆ, ಗೃಹಪ್ರವೇಶದ ಒಲೆಯ ಮುಂದೆ ಕುಳಿತಿದ್ದ ದಾಕ್ಷಾಯಣಮ್ಮ ಪಾತ್ರೆ ಇಳಿಸುವಷ್ಟರಲ್ಲಿ ಬಿಳಿಯ ಧಾರೆಯೊಂದು ತೇಗದ ನೆಲದ ಮೇಲೆ ಹರಿದು ಎಡಗಡೆಯ ಮೂಲೆ ಸೇರಿತ್ತು. ಹೊರಗೆ ನೆರೆದಿದ್ದ ಚಾಮರಾಜಪೇಟೆಯ ಅರ್ಧ ಬೀದಿಯ ಕಣ್ಣು ಆ ಮೂಲೆಯ ಮೇಲೆ ನೆಟ್ಟಿತು.

"ಪೂರ್ವಕ್ಕೆ ತಾನೇ ಉಕ್ಕಬೇಕಿದ್ದು?" ಎಂದ ಗಂಡ ಶಂಭುಲಿಂಗಪ್ಪ, ಹಾಲಿಗೆ ಇವಳೇ ದಾರಿ ತೋರಿಸಿದಳು ಎಂಬಂತೆ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ಆಂಬುಲೆನ್ಸೇ ಈ ಮೋಟಾರು ಮನೆ. ಗಂಡ ವಿಷಮಜ್ವರದಲ್ಲಿ ಮಲಗಿದ್ದಾಗ, ಬದುಕಿಸಿಕೊಟ್ಟರೆ ಶ್ರೀಶೈಲಕ್ಕೆ ಬರುತ್ತೇನೆಂದು ದಾಕ್ಷಾಯಣಮ್ಮ ಮಲ್ಲಯ್ಯನಿಗೆ ಹರಕೆ ಹೊತ್ತಿದ್ದಳು. ಬದುಕಿ ಎದ್ದವನು, ಜವಳಿ ಅಂಗಡಿ ಯಜಮಾನನ ಹೆಂಡತಿ ರೈಲಿನ ಮೂರನೇ ತರಗತಿಯಲ್ಲಿ ನೂಕಾಡಬಾರದೆಂದು ಈ ಗಾಡಿ ಕೊಂಡ. ಒಂದು ಶಿವರಾತ್ರಿಗೆ ತೇಗದ ನೆಲ ಬಂತು. ಇನ್ನೊಂದಕ್ಕೆ ಹಿತ್ತಾಳೆಯ ಕಂಬಿ, ಆಳೆತ್ತರದ ಕನ್ನಡಿ, ಲಿಂಗಪೂಜೆಗೆ ಕೆತ್ತನೆಯ ಮಂಟಪ. ಆಮೇಲೆ ಸ್ನಾನಕ್ಕೆಂದು ಸೂರಿನ ಮೇಲೆ ನೀರಿನ ತೊಟ್ಟಿ. ಗಾಡಿ ಮಾತ್ರ ಮನೆಯ ಪಕ್ಕದ ಖಾಲಿ ನಿವೇಶನ ಬಿಟ್ಟು ಕದಲಿರಲಿಲ್ಲ. ಈ ಸಲ, ಗೃಹಪ್ರವೇಶವಾದ ಮರುದಿನವೇ ಹೊರಡುವುದೆಂದು ಅವನು ಕೊರಳ ಲಿಂಗ ಮುಟ್ಟಿ ಹೇಳಿದ್ದ. ಅವಳ ಟ್ರಂಕು ತುಂಬಿ, ಬೀಗ ಬಿದ್ದು, ಮಂಟಪದ ಪಕ್ಕದಲ್ಲಿ ಕಾಯುತ್ತಿತ್ತು.

"ಶಕುನ ಗಿಕುನ ಏನಿಲ್ಲ ಭಾವ, ಹಿಂದಿನ ಎಡಗಡೆ ಟೈರಲ್ಲಿ ಗಾಳಿ ಇಲ್ಲ," ಎಂದ ಅವಳ ತಮ್ಮ ಪರಮಶಿವಯ್ಯ. ಅವನು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು. "ಗಾಡಿ ಪಶ್ಚಿಮಕ್ಕೆ ವಾಲಿದೆ, ಹಾಲು ಅತ್ತ ಹೋಯ್ತು. ಎರಡು ವರ್ಷದಿಂದ ಬಡ್ಕೋತಿದೀನಿ. ವಾರಕ್ಕೊಂದ್ಸಲ ಎಂಜಿನ್ ಓಡ್ಸಿ. ಬ್ರೇಕಿನ ರಬ್ಬರು ಬದಲಾಯ್ಸಿ. ಭಾರ ಇರೋದೆಲ್ಲ ಕೆಳಗಿಡಿ, ತಲೆ ಮೇಲೆ ತೊಟ್ಟಿ ಇಟ್ರೆ ತಿರುವಲ್ಲಿ ಮಗುಚುತ್ತೆ. ನಿಂತ ಗಾಡಿ ಭಾರ ಟೈರಿನ ಮೇಲೆ ಬಿಡಬೇಡಿ, ಸೀಳಿಹೋಗುತ್ತೆ. ಅದೆಲ್ಲ ಬಿಟ್ಟು ಕನ್ನಡಿ ತಂದು ಕೂರಿಸ್ತೀರಿ."

"ಕನ್ನಡಿ ನಾಲ್ಕು ಜನಕ್ಕೆ ಕಾಣುತ್ತಪ್ಪ. ಬ್ರೇಕಿನ ರಬ್ಬರು ಯಾರಿಗೆ ಕಾಣುತ್ತೆ?"

"ಹಳ್ಳಕ್ಕೆ ಬಿದ್ದಾಗ ಎಲ್ಲರಿಗೂ ಕಾಣುತ್ತೆ."

ದಾಕ್ಷಾಯಣಮ್ಮನಿಗೆ ತಮ್ಮನ ಮೇಲೂ ಅಂಥ ಅಭಿಮಾನವೇನೂ ಹುಟ್ಟಲಿಲ್ಲ. ಭಾನುವಾರ ತಪ್ಪಿಸದೆ ಬಂದು, ಕಾಫಿ ಕುಡಿದು, ಟೈರಿನ ಮೇಲೆ ಉಪನ್ಯಾಸ ಕೊಟ್ಟು ಹೋದವನು ಒಂದು ಸಲವಾದರೂ ಗಾಳಿ ಹೊಡೆಯುವ ಪಂಪು ತಂದವನಲ್ಲ.

ಶಂಭುಲಿಂಗಪ್ಪ ಮಂಟಪದ ಮುಂದೆ ಕುಳಿತಿದ್ದ ಮಠದ ಅಯ್ಯನವರತ್ತ ತಿರುಗಿದ. ಮುಹೂರ್ತ ಮಧ್ಯಾಹ್ನದವರೆಗೂ ಇದೆ, ಇನ್ನೊಮ್ಮೆ ಉಕ್ಕಿಸಿದರೆ ದೋಷವಿಲ್ಲ ಎಂದು ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು. ಅಷ್ಟು ಸಾಕಾಯಿತು. ಗಾಳಿಯನ್ನು ನಂಬಲಾಗದು, ಇಟ್ಟಿಗೆಯನ್ನು ನಂಬಬಹುದು ಎಂಬ ತೀರ್ಮಾನಕ್ಕೆ ಬಂದು, ಕಾಂಪೌಂಡು ಕಟ್ಟಲು ತರಿಸಿದ್ದ ಇಟ್ಟಿಗೆಯನ್ನೆಲ್ಲ ಅಂಗಡಿಯ ಆಳುಗಳಿಂದ ಹೊರಿಸಿದ. ಜ್ಯಾಕು ಕೊಟ್ಟು ಗಾಡಿ ಎತ್ತಿಸಿ, ಪಶ್ಚಿಮದ ಕಡೆ ಎತ್ತರಕ್ಕೆ, ಪೂರ್ವದ ಕಡೆ ತಗ್ಗಿಗೆ ಇಟ್ಟಿಗೆ ಪೇರಿಸಿದ್ದಾಯಿತು. ಹೇಗೂ ಎತ್ತಿದ್ದೇವಲ್ಲ ಎಂದು ನಾಲ್ಕೂ ಚಕ್ರ ಬಿಚ್ಚಿಸಿ ಮನೆಯ ಅಟ್ಟಕ್ಕೆ ಸಾಗಿಸಿದ.

"ಚಕ್ರ ಯಾಕೆ ಭಾವ ಬಿಚ್ಚಿಸಿದ್ರಿ?"

"ಟೈರಿನ ಮೇಲೆ ಭಾರ ಬಿಡಬೇಡಿ ಅಂದೋನು ನೀನೇ ತಾನೇ? ಓದಿದವರ ಮಾತು ನಾನು ಯಾವತ್ತೂ ತೆಗೆದುಹಾಕಲ್ಲ."

ಎರಡನೆಯ ಸಲ ಹಾಲು ಪೂರ್ವಕ್ಕೇ ಹರಿಯಿತು. ಬೀದಿಯವರು ಹರ ಹರ ಮಹಾದೇವ ಎಂದು ಕೂಗಿದರು. ಆ ಇಳಿಜಾರಿನಲ್ಲಿ ಎಣ್ಣೆ ಸುರಿದಿದ್ದರೂ ಪೂರ್ವಕ್ಕೇ ಹೋಗುತ್ತಿತ್ತು ಎಂದುಕೊಂಡು ದಾಕ್ಷಾಯಣಮ್ಮ ಒಲೆ ಆರಿಸಿದಳು.

"ಆಯ್ತಲ್ಲ, ಇನ್ನು ಚಕ್ರ ಹಾಕ್ಸಿ. ನಾಳೆ ಹೊರಡಬೇಕು."

"ಹುಚ್ಚಾ ನಿಂಗೆ? ಇಟ್ಟಿಗೆ ತೆಗೆದ್ರೆ ಮತ್ತೆ ಪಶ್ಚಿಮಕ್ಕೆ ವಾಲುತ್ತೆ. ಪ್ರವೇಶ ಆದ ಮನೇನ ಯಾರಾದ್ರೂ ಅಲ್ಲಾಡಿಸ್ತಾರಾ? ಒಂದು ವರ್ಷ ಕಳೀಲಿ. ಅಷ್ಟರಲ್ಲಿ ಫ್ಯಾನೊಂದು ಹಾಕಿಸ್ತೀನಿ."

"ಲಿಂಗ ಮುಟ್ಟಿ ಹೇಳಿದ್ರಿ."

"ಅದು ಹಾಲು ಉಕ್ಕೋಕೆ ಮುಂಚಿನ ಮಾತು."

ದಾಕ್ಷಾಯಣಮ್ಮ ಅವನ ಮುಖವನ್ನು ಒಂದು ಕ್ಷಣ ನೋಡಿದಳು. ಜ್ವರದಲ್ಲಿ ತುಟಿ ಬಿಚ್ಚಲಾರದೆ ಮಲಗಿದ್ದ ಮುಖ ಇದೇ. ಆಗ ಅದರಲ್ಲಿ ಎಷ್ಟೋ ವಿವೇಕವಿದ್ದಂತೆ ಕಾಣುತ್ತಿತ್ತು. ಅವಳು ಟ್ರಂಕಿನ ಹಿಡಿಗೆ ಕೈ ಹಾಕಿದಳು.

"ಪರಮಶಿವ, ಆ ಕಡೆ ಹಿಡ್ಕೋ. ನಾಳೆ ಬೆಳಗ್ಗೆ ರೈಲಿಗೆ ನೀನೂ ಬರ್ತೀಯ. ದಾರೀಲಿ ಟೈರಿನ ವಿಷಯ ಎತ್ತಬೇಡ."

ಅಕ್ಕ ತಮ್ಮ ಟ್ರಂಕು ಹೊತ್ತು ಕೆಳಗಿಳಿದಾಗ, ಜನಗಣತಿಗೆಂದು ಮನೆ ಮನೆ ಸುತ್ತುತ್ತಿದ್ದ ಶಾಲೆಯ ಮೇಷ್ಟ್ರೊಬ್ಬರು ಮನೆ ನಂಬರ್ ಬರೆಯುವ ಡಾಂಬರಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮಾವಿನ ತೋರಣ ನೋಡಿದರು, ರಂಗೋಲಿ ನೋಡಿದರು, ಬಗ್ಗಿ ಇಟ್ಟಿಗೆಗಳನ್ನೂ ನೋಡಿದರು.

"ಇದಕ್ಕೆ ನಂಬರ್ ಹಾಕೇ ಇಲ್ಲವಲ್ಲ ತಾಯಿ. ಎಷ್ಟು ಜನ ವಾಸ?"

"ಒಬ್ರೇ," ಎಂದಳು ದಾಕ್ಷಾಯಣಮ್ಮ, ಒಳಗಿರುವವನಿಗೂ ಕೇಳಿಸುವಂತೆ. "ಶಂಭುಲಿಂಗಪ್ಪ ಅಂತ ಬರ್ಕೊಳ್ಳಿ. ಹೆಂಡತಿ ಶ್ರೀಶೈಲಕ್ಕೆ ಹೋದಳು ಅಂತ ಬರ್ಕೊಳ್ಳಿ."

ಮೇಷ್ಟ್ರು ಕುಂಚವನ್ನು ಡಾಂಬರಿಗೆ ಅದ್ದಿದರು. ಒಳಗಿನಿಂದ ಶಂಭುಲಿಂಗಪ್ಪನ ತಲೆ ಆತುರದಿಂದ ಹೊರಬಂತು.

"ಸ್ವಲ್ಪ ನೋಡ್ಕೊಂಡು ಬರೀರಿ ಮೇಷ್ಟ್ರೇ, ಬಾಗಿಲಿನ ಪಾಲಿಶ್ ಇನ್ನೂ ಒಣಗಿಲ್ಲ."